ಇನ್ನೊಂದು ಕಡೆಯೇ ಇಲ್ಲ

ಫಿಲ್ಮ್ ಸೊಸೈಟಿಗೆ ಸಿನಿಮಾ ಆರಿಸಿ ತೋರಿಸುವುದು, ಆಮೇಲೆ ಕೂತು ಅದರ ಬಗ್ಗೆ ಮಾತಾಡುವುದು ನನ್ನ ಕೆಲಸ. ಯಹೂದಿ ಸಿನಿಮಾಗಳ ಸರಣಿ ಅಂತ ಬೋರ್ಡ್ ಹಾಕಿದರೆ ಮೊದಲು ಬರುವ ಪ್ರಶ್ನೆ: "ಡೈರೆಕ್ಟರ್ ಯಹೂದಿ ಆಗಿದ್ರೆ ಸಾಕಲ್ವಾ ಸರ್?"

ಸಾಲದು. ಹೆಸರು ನಂಬಿದರಂತೂ ಕೆಟ್ಟಿರಿ. 'ಫಿಡ್ಲರ್ ಆನ್ ದಿ ರೂಫ್' (1971) ನಿರ್ದೇಶಿಸಿದವರು ನಾರ್ಮನ್ ಜ್ಯೂಯಿಸನ್. ಹೆಸರಲ್ಲೇ 'ಜ್ಯೂ', ಅಂದ್ರೆ ಯಹೂದಿ, ಇದೆ, ಆದರೆ ಅವರು ಕೆನಡಾದ ಪ್ರಾಟೆಸ್ಟೆಂಟ್ ಮನೆಯವರು. 'ನಾನು ಯಹೂದಿ ಅಲ್ಲ' ಅಂತ ಸ್ಟುಡಿಯೋದವರಿಗೆ ಅವರೇ ಬಾಯಿಬಿಟ್ಟು ಹೇಳಬೇಕಾಯಿತು.

ಸಿನಿಮಾ ಮಾತ್ರ ಅಪ್ಪಟ ಯಹೂದಿ. ಟೆವ್ಯೆ ಝಾರ್ ಕಾಲದ ರಷ್ಯಾದ ಹಳ್ಳಿಯಲ್ಲಿ ಹಾಲು ಮಾರುವವನು. ಏನೇ ಬರಲಿ, ದೇವರ ಜೊತೆ ವಾದ. ದೊಡ್ಡ ಮಗಳು ಅಪ್ಪ ಗೊತ್ತು ಮಾಡಿದ ಗಂಡು ಬೇಡ, ಬಡ ದರ್ಜಿಯೇ ಬೇಕು ಅನ್ನುತ್ತಾಳೆ. ಈ ಕಡೆಯಿಂದ ನೋಡಿದರೆ ಹೀಗೆ, ಆ ಕಡೆಯಿಂದ ನೋಡಿದರೆ ಹಾಗೆ ಅಂತ ತೂಗಿ ಒಪ್ಪುತ್ತಾನೆ. ಎರಡನೆಯವಳು ಕ್ರಾಂತಿಕಾರಿಯನ್ನು ಮೆಚ್ಚಿದಾಗಲೂ ಅದೇ ತಕ್ಕಡಿ. ಮೂರನೆಯವಳು ಕ್ರೈಸ್ತ ಹುಡುಗನನ್ನು ಮದುವೆಯಾಗಿ ಬಂದು, ಒಪ್ಪಿಕೋ ಅಂತ ಅಂಗಲಾಚುತ್ತಾಳೆ. ಟೆವ್ಯೆ ಮತ್ತೆ ತೂಗಲು ಶುರು ಮಾಡುತ್ತಾನೆ. ಈ ಕಡೆ, ಆ ಕಡೆ, ಮತ್ತೆ ಈ ಕಡೆ. ತಟ್ಟನೆ ನಿಲ್ಲುತ್ತಾನೆ. ಇಲ್ಲ, ಇನ್ನೊಂದು ಕಡೆಯೇ ಇಲ್ಲ. ಹೊರಟುಬಿಡುತ್ತಾನೆ. ಮಗಳು ಹಿಂದಿನಿಂದ ಕೂಗುತ್ತಲೇ ಇರುತ್ತಾಳೆ.

ಇದು ಯಾವ ಊರಿನ ಅಪ್ಪನಿಗೂ ಆಗಬಹುದಲ್ವಾ ಅಂತೀರಿ. ಅಳು ಯಾರಿಗಾದರೂ ಬರುತ್ತದೆ, ನಿಜ. ಆದರೆ ಮೂರು ದಿನದಲ್ಲಿ ಊರು ಖಾಲಿ ಮಾಡಿ ಅಂತ ಯಹೂದಿಗಳಿಗೆ ಸರ್ಕಾರದ ಆಜ್ಞೆ ಬರುವ ಹಳ್ಳಿ ಅದು. ಅಲ್ಲಿ ಮಗಳು ಆ ಕಡೆ ಹೋಗುವುದಕ್ಕೆ ಬೇರೆಯೇ ತೂಕ.

ನಾನು ಸಿನಿಮಾ ಆರಿಸುವಾಗ ನೋಡುವುದೂ ಅದನ್ನೇ. ಯಹೂದಿತನ ತೆಗೆದರೆ ಕತೆ ನಿಲ್ಲುತ್ತದಾ? 'ಕ್ರಾಸ್‌ಫೈರ್' (1947) ಆರಾಮಾಗಿ ನಿಲ್ಲುತ್ತದೆ. ಮೂಲ ಕಾದಂಬರಿಯಲ್ಲಿ ಕೊಲೆಯಾಗುವವನು ಸಲಿಂಗಿ. ಸಿನಿಮಾದಲ್ಲಿ ಅವನನ್ನು ಯಹೂದಿ ಮಾಡಿದರು, ಅಷ್ಟೇ. ಯಹೂದಿ ದ್ವೇಷದ ಬಗ್ಗೆ ಒಳ್ಳೆಯ ಚಿತ್ರ, ಯಹೂದಿ ಬದುಕಿನ ಬಗ್ಗೆ ಅಲ್ಲ.

ನಮ್ಮ ಹಿಂದಿ ಸಿನಿಮಾದ ಲೆಕ್ಕ ಇನ್ನೂ ತಮಾಷೆ. 'ಶ್ರೀ 420'ರ ಮಾಯಾ, ಅಂದ್ರೆ ನಾದಿರಾ, ಬಾಗ್ದಾದ್ ಮೂಲದ ಯಹೂದಿ. ಹುಟ್ಟುಹೆಸರು ಫ್ಲಾರೆನ್ಸ್ ಎಝೆಕಿಯೆಲ್. ಪಾತ್ರದಲ್ಲಿ ಅದರ ಸುಳಿವೇ ಇಲ್ಲ. ಬಿಮಲ್ ರಾಯ್ ಅವರ 'ಯಹೂದಿ'ಯಲ್ಲಿ (1958) ಯಹೂದಿ ಹುಡುಗಿ ಹನ್ನಾ ಆಗಿದ್ದು ಮೀನಾ ಕುಮಾರಿ. ಕತೆಯಲ್ಲಿ ಹನ್ನಾ ಹುಟ್ಟಿನಿಂದ ರೋಮನ್, ಸಾಕಿದವನು ಯಹೂದಿ!

ನನ್ನ ಅಳತೆ ಕೈಕೊಡುವುದು 'ಕಾಸಾಬ್ಲಾಂಕಾ'ದಲ್ಲಿ (1942). ನಾಜಿಗಳಿಂದ ಓಡಿಬಂದವರು ತುಂಬಿದ ಊರಿನ ಕತೆ, ಆದರೂ 'ಯಹೂದಿ' ಅನ್ನುವ ಪದ ಅದರಲ್ಲಿ ಒಮ್ಮೆಯೂ ಬರುವುದಿಲ್ಲ. ಇಲ್ಲಿ ಜೂಜು ನಡೆಯುತ್ತಿದೆಯಾ ಅಂತ ಪೊಲೀಸ್ ಅಧಿಕಾರಿ ಬೆಚ್ಚಿದಂತೆ ನಾಟಕವಾಡುತ್ತಾನೆ. ಅಷ್ಟರಲ್ಲಿ ಜೂಜಿನ ಮೇಜಿನವನು ಬಂದು, ಸರ್, ನೀವು ಗೆದ್ದ ದುಡ್ಡು ಅಂತ ಅವನ ಕೈಗೇ ಕೊಡುತ್ತಾನೆ. ಜನ ಪ್ರತಿಸಲ ನಗುತ್ತಾರೆ. ದುಡ್ಡು ಕೊಟ್ಟವನ ಮುಖ ಯಾರೂ ನೋಡುವುದಿಲ್ಲ. ಅವರು ಮಾರ್ಸೆಲ್ ದಾಲಿಯೋ, ಪ್ಯಾರಿಸ್‌ನಿಂದ ತಪ್ಪಿಸಿಕೊಂಡು ಬಂದ ಯಹೂದಿ ನಟ. ಯಹೂದಿ ಅಂದ್ರೆ ಹೀಗಿರ್ತಾನೆ ಅಂತ ನಾಜಿಗಳು ಪೋಸ್ಟರ್‌ಗೆ ಹಾಕಿದ್ದು ಇದೇ ಮುಖವನ್ನು. ಹಾಗಾಗಿ ನನ್ನ ಪಟ್ಟಿಯಲ್ಲಿ ಈ ಚಿತ್ರ ಪೆನ್ಸಿಲ್‌ನಲ್ಲಿದೆ. ಎರಡು ಸಲ ಅಳಿಸಿ, ಮತ್ತೆ ಬರೆದಿದ್ದೇನೆ.