ಪ್ಲಗ್ ಆಯ್ತು, ಪ್ಲೇ ಆಗಲಿಲ್ಲ: ಡ್ರೈವರ್ ಇರುವುದು ಎಲ್ಲಿ?

ಓದುಗರ ಪ್ರಶ್ನೆ: "ಸಾರ್, ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದೀನಿ. ವೈಫೈ ಡಾಂಗಲ್ ತಂದು ಚುಚ್ಚಿದೆ. ಡಬ್ಬದ ಮೇಲೆ ಪ್ಲಗ್ ಅಂಡ್ ಪ್ಲೇ ಅಂತ ದೊಡ್ಡದಾಗಿ ಬರೆದಿದೆ. ಪ್ಲಗ್ ಆಯ್ತು, ಪ್ಲೇ ಆಗ್ಲಿಲ್ಲ. ಈಗ ಕರ್ನಲ್ ಕಾನ್ಫಿಗರ್ ಮಾಡ್ಬೇಕಾ?"

ಈ ಪ್ರಶ್ನೆ ತಿಂಗಳಿಗೆ ಎರಡು ಮೂರು ಸಲವಾದರೂ ಬರುತ್ತದೆ. ಒಮ್ಮೆ ಶಿರಾದಿಂದ, ಒಮ್ಮೆ ಮಧುಗಿರಿಯಿಂದ, ಜಾಸ್ತಿ ಸಲ ನಮ್ಮ ತುಮಕೂರಿನ ಇಂಜಿನಿಯರಿಂಗ್ ಹುಡುಗರಿಂದಲೇ. ಡಾಂಗಲ್ ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಭಾನುವಾರದ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ಬರೆದು ನನಗೂ ಸಾಕಾಗಿದೆ. ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರೇ ಕೇಳಿದರೂ ಇದನ್ನೇ ಕಳಿಸುವುದು.

ಚಿಕ್ಕ ಉತ್ತರ: ಬೇಡ, ಕರ್ನಲ್ ಅಂದರೆ ಲಿನಕ್ಸಿನ ತಿರುಳು, ಅದನ್ನು ಕಾನ್ಫಿಗರ್ ಮಾಡಲು ಹೋಗಬೇಡಿ. ಉಬುಂಟು, ಡೆಬಿಯನ್, ಫೆಡೋರಾ ಯಾವುದನ್ನೇ ಹಾಕಿರಿ, ಕರ್ನಲ್ ಜೊತೆಗೆ ಸಾವಿರಾರು ಡ್ರೈವರ್‌ಗಳು, ಅಂದರೆ ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳು, ಮಾಡ್ಯೂಲ್ ಎಂಬ ಬಿಡಿ ತುಂಡುಗಳಾಗಿ ಡಿಸ್ಕಿನಲ್ಲಿ ಮಲಗಿರುತ್ತವೆ. ಕರೆದಾಗ ಎದ್ದು ಬರುತ್ತವೆ. ಈ ಕರೆಯುವ ಕೆಲಸ ಎಲ್ಲಿ ನಿಂತುಹೋಯಿತು ಅಂತ ನೀವು ಹುಡುಕಿದರೆ ಸಾಕು.

ಇಷ್ಟು ಹೇಳಿದ ಕೂಡಲೇ ಎದುರಿನಿಂದ ಬರುವ ಮಾತು: "ಪ್ಲಗ್ ಅಂಡ್ ಪ್ಲೇ ಅಂದ್ರೆ ಡ್ರೈವರ್ ಡಾಂಗಲ್ ಒಳಗೇ ಇರುತ್ತಲ್ವಾ ಸಾರ್? ಲಿನಕ್ಸ್ ಅದನ್ನ ಓದ್ಕೊಳ್ತಾ ಇಲ್ಲ ಅಷ್ಟೇ."

ಇರುವುದಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ಇರುವುದಿಲ್ಲ.

ಯುಎಸ್‌ಬಿ ಸಾಧನವನ್ನು ಚುಚ್ಚಿದಾಗ ಅದು ತನ್ನ ಬಗ್ಗೆ ಕೊಡುವ ಮೊದಲ ಚೀಟಿಯ ಹೆಸರು ಡಿವೈಸ್ ಡಿಸ್ಕ್ರಿಪ್ಟರ್. ಅದರ ಉದ್ದ 18 ಬೈಟ್. ಹದಿನೆಂಟೇ. "ತುಮಕೂರು" ಎಂದು ಕನ್ನಡದಲ್ಲಿ ಬರೆದು ಯುಟಿಎಫ್-8ರಲ್ಲಿ ಉಳಿಸಿದರೆ 21 ಬೈಟ್ ಬೇಕು, ಬೇಕಿದ್ದರೆ ಎಣಿಸಿ ನೋಡಿ. "ಕೋಲಾರ" 15 ಬೈಟಿನಲ್ಲಿ ಹಿಡಿಸುತ್ತದೆ. ನಮ್ಮ ಊರಿನ ಹೆಸರೇ ಹಿಡಿಸದ ಜಾಗದಲ್ಲಿ ಡ್ರೈವರ್ ಹೇಗೆ ಕೂರುತ್ತದೆ? ಅದರ ಹಿಂದೆ ಇನ್ನಷ್ಟು ಚೀಟಿಗಳು ಬರುತ್ತವೆ, ನಿಜ. ಎಷ್ಟು ಕರೆಂಟ್ ಬೇಕು, ಡೇಟಾ ಹೋಗಿಬರಲು ಎಷ್ಟು ದಾರಿ ಇದೆ, ಇಂಥವು. ಅವೂ ಬರೀ ವಿವರ, ಪ್ರೋಗ್ರಾಂ ಅಲ್ಲ.

ಆ 18 ಬೈಟಿನಲ್ಲಿ ಮುಖ್ಯವಾದವು ಎರಡು ನಂಬರ್: ತಯಾರಕರ ನಂಬರ್, ಮಾಡೆಲ್ ನಂಬರ್. ಡಾಕ್ಟರ್ ಬರೆದುಕೊಡುವ ಚೀಟಿ ಇದ್ದ ಹಾಗೆ. ಚೀಟಿಯಲ್ಲಿ ಮಾತ್ರೆಯ ಹೆಸರು ಇರುತ್ತದೆ, ಮಾತ್ರೆ ಇರುವುದು ಮೆಡಿಕಲ್ ಸ್ಟೋರಿನಲ್ಲಿ. ಕರ್ನಲ್ ಆ ಚೀಟಿಯನ್ನು ಒಂದು ಉದ್ದನೆಯ ಸಾಲಾಗಿ ಬರೆದು, "ಹೊಸಬ ಬಂದಿದ್ದಾನೆ" ಎಂದು ಕೂಗುತ್ತದೆ. ಯೂಡೆವ್ ಎಂಬ ಪ್ರೋಗ್ರಾಂ ಅದನ್ನು ಕೇಳಿಸಿಕೊಳ್ಳುತ್ತದೆ. ಮಾಡ್ಯೂಲ್‌ಗಳ ಫೋಲ್ಡರಿನಲ್ಲಿ "ಮಾಡ್ಯೂಲ್ಸ್.ಅಲಿಯಾಸ್" ಅಂತ ಒಂದು ಪಟ್ಟಿ ಇದೆ. ಯಾವ ನಂಬರಿಗೆ ಯಾವ ಡ್ರೈವರ್ ಎಂಬುದು ಅದರಲ್ಲಿದೆ. ನಂಬರ್ ಸಿಕ್ಕಿದರೆ ಆ ಡ್ರೈವರ್ ಲೋಡ್ ಆಗುತ್ತದೆ. ಸಿಗದಿದ್ದರೆ ಡಾಂಗಲ್ ಸುಮ್ನೆ ಬಿಸಿಯಾಗುತ್ತಾ ಕೂತಿರುತ್ತದೆ.

ಇನ್ನೂ ಒಪ್ಪದವರಿಗೆ ಒಂದು ಲೆಕ್ಕ. ಅದೇ ಪೆನ್‌ಡ್ರೈವನ್ನು ಇಂಟೆಲ್ ಪಿಸಿಗೂ ಚುಚ್ಚುತ್ತೀರಿ, ಓಟಿಜಿ ಕೇಬಲ್ ಹಾಕಿ ಎಆರ್‌ಎಂ ಚಿಪ್ಪಿನ ಫೋನಿಗೂ ಚುಚ್ಚುತ್ತೀರಿ, ಟಿವಿಗೂ ಚುಚ್ಚುತ್ತೀರಿ. ಮೂರಕ್ಕೂ ಬೇರೆ ಬೇರೆ ಡ್ರೈವರ್ ಅದರೊಳಗೆ ಯಾರು ತುಂಬಿಟ್ಟರು? "ಹಾಗಾದ್ರೆ ಅದು ಚುಚ್ಚಿದ ಕೂಡ್ಲೇ ಹೇಗೆ ಕೆಲ್ಸ ಮಾಡ್ತು?" ಅಂತ ಕೇಳುತ್ತೀರಿ, ಒಳ್ಳೆಯ ಪ್ರಶ್ನೆ. ಪೆನ್‌ಡ್ರೈವ್, ಕೀಬೋರ್ಡ್, ಮೌಸ್ ತಮ್ಮ ಜಾತಿ ಹೇಳುತ್ತವೆ. ಕೀಬೋರ್ಡ್ ಮೌಸಿನದು ಕ್ಲಾಸ್ 3, ಪೆನ್‌ಡ್ರೈವಿನದು ಕ್ಲಾಸ್ 8. ಯಾವ ಕಂಪನಿಯದೇ ಆಗಲಿ, ಆ ಕ್ಲಾಸಿಗೆ ಒಂದೇ ಸಾಮಾನ್ಯ ಡ್ರೈವರ್ ಸಾಕು, ಅದು ಮೊದಲೇ ಸಿಸ್ಟಂನಲ್ಲಿದೆ. ವೈಫೈ ಡಾಂಗಲ್‌ಗಳು ಹಾಗಲ್ಲ. ಸಾಮಾನ್ಯವಾಗಿ ಅವು "ನನ್ನದು ಯಾವ ಕ್ಲಾಸೂ ಅಲ್ಲ, ನಮ್ಮ ಕಂಪನಿಯದೇ ಪದ್ಧತಿ" ಎನ್ನುತ್ತವೆ. ಅದಕ್ಕೇ ಅವುಗಳಿಗೆ ನಂಬರ್ ಸರಿಯಾಗಿ ಹೊಂದಲೇಬೇಕು.

ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ಎಲ್ಲಿ ಅಂತಲೂ ನನಗೆ ಗೊತ್ತು. 3ಜಿ ಕಾಲದ ಡೇಟಾ ಕಾರ್ಡ್ ನೆನಪಿದೆಯಾ? ಚುಚ್ಚಿದರೆ ಮೊದಲು ಒಂದು ಸಿಡಿ ಡ್ರೈವ್ ಕಾಣುತ್ತಿತ್ತು, ಅದರೊಳಗಿಂದ ಇನ್‌ಸ್ಟಾಲರ್ ಓಡುತ್ತಿತ್ತು. "ನೋಡಿ ಸಾರ್, ಡ್ರೈವರ್ ಒಳಗೇ ಇದೆ!" ಅದು ವೇಷ. ಆ ಸಾಧನ ತಾನು ಸಿಡಿ ಡ್ರೈವ್ ಎಂದು ಸುಳ್ಳು ಹೇಳಿ ವಿಂಡೋಸಿಗೆ ಒಂದು ಫೈಲ್ ದಾಟಿಸುತ್ತಿತ್ತು, ಆಮೇಲೆ ವೇಷ ಕಳಚಿ ಮೋಡೆಮ್ ಆಗುತ್ತಿತ್ತು. ಚೀಟಿಗೆ ಒಂದು ಸ್ಯಾಂಪಲ್ ಮಾತ್ರೆ ಪಿನ್ ಮಾಡಿಕೊಟ್ಟ ಹಾಗೆ. ಅದೂ ಪಕ್ಕದ ಮನೆಯವರ ಕಾಯಿಲೆಯ ಮಾತ್ರೆ. ಲಿನಕ್ಸಿಗೆ ಆ ಫೈಲಿನಿಂದ ಮೂರು ಕಾಸಿನ ಉಪಯೋಗವಿಲ್ಲ.

ಡ್ರೈವರ್ ಮಾತು ಹಾಗಿರಲಿ. ಎಷ್ಟೋ ವೈಫೈ ಚಿಪ್‌ಗಳು ತಮ್ಮ ಹೊಟ್ಟೆಯೊಳಗೆ ಓಡಬೇಕಾದ ಪ್ರೋಗ್ರಾಂ, ಅಂದರೆ ಫರ್ಮ್‌ವೇರನ್ನೂ ಹೊತ್ತು ತರುವುದಿಲ್ಲ. ಪ್ರತಿ ಸಲ ಚುಚ್ಚಿದಾಗಲೂ ಡ್ರೈವರ್ ಡಿಸ್ಕಿನಿಂದ ಆ ಫೈಲ್ ತೆಗೆದು ಚಿಪ್ಪಿಗೆ ಉಣಿಸಬೇಕು. ಅಂದರೆ ಡಾಂಗಲ್ ಬರುವುದು ಬರಿಗೈಯಲ್ಲಿ. ಕೈಯಲ್ಲಿ ಚೀಟಿ ಒಂದೇ.

ಈಗ ನಿಮ್ಮ ಡಾಂಗಲ್. ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಕಮ್ಯಾಂಡ್ ಕೊಡಿ, ಚುಚ್ಚಿರುವ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಡಾಂಗಲ್ ಇಲ್ಲವೇ ಇಲ್ಲ ಅಂದರೆ ತೊಂದರೆ ಪೋರ್ಟು, ಕೇಬಲ್ಲು, ಇಲ್ಲವೇ ಕರೆಂಟಿನದು. ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸ್ಜ್ (dmesg) ಕಮ್ಯಾಂಡಿನಲ್ಲಿ ಎರರ್ -71 ಅಂತ ಸಾಲುಸಾಲಾಗಿ ಬರುತ್ತಿದ್ದರೂ ಮೊದಲು ಅವನ್ನೇ ಅನುಮಾನಿಸಿ, ಹಬ್ ತೆಗೆದು ನೇರ ಚುಚ್ಚಿ. ಪಟ್ಟಿಯಲ್ಲಿ ಇದೆ, ಆದರೆ ನಂಬರ್ 0ಬಿಡಿಎ:1ಎ2ಬಿ ಅಂತಿದೆ ಎಂದರೆ ನಿಮ್ಮದು ವೇಷಧಾರಿ. ರಿಯಲ್‌ಟೆಕ್ ಚಿಪ್ಪಿನ ಅಗ್ಗದ ಡಾಂಗಲ್‌ಗಳು ಇವತ್ತಿಗೂ ಈ ಸಿಡಿ ನಾಟಕ ಆಡುತ್ತವೆ. ಆ ಸಿಡಿಯನ್ನು ಇಜೆಕ್ಟ್ ಮಾಡಿ, ಅಥವಾ ಯುಎಸ್‌ಬಿ ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ. ನಂಬರ್ ಬದಲಾಗುತ್ತದೆ. ನಂಬರ್ ಸರಿಯಿದ್ದು ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ -2 ಅಂತ ಕಂಡರೆ ಫೈಲ್ ಇಲ್ಲ ಎಂದರ್ಥ, ಫರ್ಮ್‌ವೇರ್ ಪ್ಯಾಕೇಜ್ ಹಾಕಿದರೆ ಮುಗಿಯಿತು. ಇದಾವುದೂ ಅಲ್ಲ, ಯಾವ ಡ್ರೈವರೂ ಲೋಡ್ ಆಗಿಲ್ಲ ಎಂದರೆ ನಿಮ್ಮ ಕರ್ನಲ್ ಆ ಚಿಪ್ಪಿಗಿಂತ ಹಳೆಯದಿರಬಹುದು. ಹೊಸ ಕರ್ನಲ್ಲಿಗೆ ಅಪ್‌ಡೇಟ್ ಮಾಡಿ.

ಕರ್ನಲ್ ಕಾನ್ಫಿಗರ್ ಮಾಡುವುದು ನೀವೇ ಕಂಪೈಲ್ ಮಾಡುವವರಾದರೆ ಮಾತ್ರ. ಮೆನುವಿನಲ್ಲಿ ವೈ ಒತ್ತಿದರೆ ಡ್ರೈವರ್ ಕರ್ನಲ್ ಒಳಗೇ ಸೇರುತ್ತದೆ, ಎಮ್ ಒತ್ತಿದರೆ ಮಾಡ್ಯೂಲ್ ಆಗುತ್ತದೆ. ಗೊತ್ತಿಲ್ಲದಿದ್ದರೆ ಎಮ್ ಒತ್ತಿ.

ಪ್ಲಗ್ ಅಂಡ್ ಪ್ಲೇ ಎಂಬ ಮಾತು ಹುಟ್ಟಿದ್ದು ಡ್ರೈವರ್ ವಿಷಯಕ್ಕೇ ಅಲ್ಲ. ಅದು ಜಗಳ ಬಿಡಿಸಲು ಬಂದದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲಿನ ಒಂದು ಬ್ರೌಸಿಂಗ್ ಸೆಂಟರಿಗೆ ನನ್ನನ್ನು ಕರೆದಿದ್ದರು. ಇಂಟರ್ನೆಟ್ಟಿಗೆ ಡಯಲ್ ಆಗುತ್ತದೆ, ಮೌಸ್ ಅಲ್ಲಾಡಿಸಿದರೆ ಲೈನ್ ಸತ್ತುಹೋಗುತ್ತದೆ. ಮೌಸ್ ಇದ್ದದ್ದು ಕಾಮ್1 ಎಂಬ ಸೀರಿಯಲ್ ಪೋರ್ಟಿನಲ್ಲಿ, ಮೋಡೆಮ್ ಕಾರ್ಡ್ ಕಾಮ್3ರಲ್ಲಿ. ಎರಡಕ್ಕೂ ಐಆರ್‌ಕ್ಯೂ, ಅಂದರೆ ಪ್ರೊಸೆಸರನ್ನು ಕರೆಯುವ ಗಂಟೆಯ ನಂಬರ್, 4. ಒಂದೇ ಕಾಲಿಂಗ್ ಬೆಲ್ಲಿಗೆ ಎರಡು ಮನೆ. ಕಾರ್ಡ್ ಬಿಚ್ಚಿ, ಇಕ್ಕಳದಿಂದ ಜಂಪರ್ ಕಿತ್ತು 5ಕ್ಕೆ ಹಾಕಿದೆ. ಅಂದು ಅದೇ "ಕಾನ್ಫಿಗರ್" ಮಾಡುವುದು.

ಇಂಥ ಜಗಳ ತಪ್ಪಿಸಲೆಂದೇ ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1993ರಲ್ಲೇ ಐಎಸ್‌ಎ ಕಾರ್ಡುಗಳಿಗೆ, ಅಂದರೆ ಹಳೇ ಪಿಸಿಗಳ ಒಳಗೆ ಸಿಕ್ಕಿಸುವ ಕಾರ್ಡುಗಳಿಗೆ, ಪ್ಲಗ್ ಅಂಡ್ ಪ್ಲೇ ಎಂಬ ನಿಯಮ ತಂದಿದ್ದವು. ಅದರ ಚಂದವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಪ್ರತಿ ಕಾರ್ಡಿಗೂ 72 ಬಿಟ್‌ಗಳ ಗುರುತು. ಎಲ್ಲವೂ ಒಂದೇ ತಂತಿಗಳ ಮೇಲೆ ಕೂತಿವೆ, ಯಾರಿಗೂ ವಿಳಾಸವಿಲ್ಲ. ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದ ಹಾಗೆ: "ನಿಮ್ಮ ನಂಬರಿನ ಈ ಅಂಕಿ 1 ಇದ್ದವರು ಕೂಗಿ. 0 ಇದ್ದವರು ಕಿವಿಗೊಡಿ. ಬೇರೆ ಯಾರಾದರೂ ಕೂಗಿದ್ದು ಕೇಳಿಸಿದರೆ ಈ ಸುತ್ತಿಗೆ ಕುಳಿತುಬಿಡಿ." 72 ಅಂಕಿ ಮುಗಿದಾಗ ನಿಂತಿರುವುದು ಒಂದೇ ಕಾರ್ಡ್. ಅದಕ್ಕೆ 1ನೇ ನಂಬರ್ ಕೊಟ್ಟು, ಉಳಿದವರಿಗೆ ಮತ್ತೆ ಶುರು. ಆಮೇಲೆ ಯಾರಿಗೆ ಯಾವ ಐಆರ್‌ಕ್ಯೂ ಎಂದು ಹಂಚುವುದು. ಜಗಳವಿಲ್ಲ, ಇಕ್ಕಳವಿಲ್ಲ. ಆ ಕಾರ್ಡುಗಳು ಗುಜರಿ ಸೇರಿ ಕಾಲವಾಯಿತು, ಲಿನಕ್ಸಿನಲ್ಲಿ ಪಿಎನ್‌ಪಿ (ಪ್ಲಗ್ ಅಂಡ್ ಪ್ಲೇ) ಎಂಬ ಪದರ ಮಾತ್ರ ಇನ್ನೂ ಇದೆ. ಮದರ್‌ಬೋರ್ಡಿನ ಸೀರಿಯಲ್ ಪೋರ್ಟ್ ಇವತ್ತಿಗೂ ಪಿಎನ್‌ಪಿ0501 ಎಂಬ ಹೆಸರಿನಲ್ಲೇ ಹಾಜರಿ ಹಾಕುತ್ತದೆ.

ಸೀರಿಯಲ್ ಅಂದಕೂಡಲೇ ತಿಪಟೂರಿನ ಒಂದು ಕೊಬ್ಬರಿ ಮಂಡಿ ನೆನಪಾಯಿತು. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ತೂಕದ ಯಂತ್ರಕ್ಕೊಂದು, ರಸೀದಿ ಪ್ರಿಂಟರಿಗೊಂದು, ಹೀಗೆ ಎರಡು ಯುಎಸ್‌ಬಿ-ಸೀರಿಯಲ್ ಕನ್ವರ್ಟರ್, ಅಂದರೆ ಸೀರಿಯಲ್ ತಂತಿಯ ಯಂತ್ರವನ್ನು ಯುಎಸ್‌ಬಿಗೆ ಸೇರಿಸುವ ಸಾಧನ. ಕರೆಂಟ್ ಹೋಗಿ ಬಂದರೆ ಕೆಲವು ದಿನ ತೂಕದ ಜಾಗದಲ್ಲಿ ಸೊನ್ನೆ. ಕಾರಣ ಇಷ್ಟೇ, ಲಿನಕ್ಸ್ ಈ ಕನ್ವರ್ಟರ್‌ಗಳಿಗೆ ಕೊಡುವ ಟಿಟಿವೈ ಯುಎಸ್‌ಬಿ0, ಟಿಟಿವೈ ಯುಎಸ್‌ಬಿ1 ಎಂಬ ಹೆಸರುಗಳು ಬಂದ ಸರದಿಯಲ್ಲಿ ಸಿಗುತ್ತವೆ. ಇವತ್ತು ಪ್ರಿಂಟರ್ ಮೊದಲು ಬಂದರೆ 0 ಅದಕ್ಕೇ. ತೂಕದ ಸಾಫ್ಟ್‌ವೇರ್ ಪ್ರಿಂಟರಿನ ಬಾಯಿಗೆ ಕಿವಿಯಿಟ್ಟು ಕೂರುತ್ತದೆ.

ಕನ್ವರ್ಟರಿಗೆ ಸೀರಿಯಲ್ ನಂಬರ್ ಇದ್ದರೆ ಡೆವ್ ಫೋಲ್ಡರಿನ ಒಳಗೆ ಸೀರಿಯಲ್, ಅದರೊಳಗೆ ಬೈ-ಐಡಿ ಎಂಬಲ್ಲಿ ಬದಲಾಗದ ಹೆಸರು ಸಿಗುತ್ತದೆ. ಅಲ್ಲಿದ್ದವು ಅಗ್ಗದ ಸಿಎಚ್340 ಚಿಪ್ಪಿನವು. ಎರಡಕ್ಕೂ ಒಂದೇ ಚೀಟಿ, 1ಎ86:7523, ಸೀರಿಯಲ್ ನಂಬರ್ ಇಲ್ಲ. ಅವಳಿ ಮಕ್ಕಳಿಗೆ ಒಂದೇ ಹೆಸರಿಟ್ಟ ಹಾಗೆ. ಉಬುಂಟು 22.04ರಲ್ಲಿ ಈ ಚೀಟಿ ಇನ್ನೊಂದು ಫಜೀತಿಯನ್ನೂ ತಂದಿತ್ತು. ಒಂದು ಬ್ರೈಲ್ ಸಾಧನಕ್ಕೂ ಅದೇ ನಂಬರ್ ಇದ್ದದ್ದರಿಂದ, ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಬಂದು ಇದು ನಮ್ಮದೇ ಎಂದು ಕನ್ವರ್ಟರನ್ನು ಹಿಡಿದುಕೊಳ್ಳುತ್ತಿತ್ತು. ಬ್ರೈಲ್ ಬೇಡದವರು ಆ ಪ್ಯಾಕೇಜ್ ತೆಗೆದರೆ ಸರಿಹೋಗುತ್ತದೆ.

ಮಂಡಿಯಲ್ಲಿ ನಾನು ಬೈ-ಐಡಿ ಬಿಟ್ಟು ಬೈ-ಪಾತ್ ಬಳಸಿದೆ. ಅದು ಸಾಧನದ ಹೆಸರು ನೋಡುವುದಿಲ್ಲ, ಯಾವ ತೂತಿಗೆ ಚುಚ್ಚಿದ್ದೀರಿ ಎಂಬುದನ್ನು ನೋಡುತ್ತದೆ. ಆಮೇಲೆ ಸಿಪಿಯು ಹಿಂದೆ ಎರಡು ಬಿಳಿ ಸ್ಟಿಕ್ಕರ್ ಅಂಟಿಸಿ ಮಾರ್ಕರಿನಲ್ಲಿ "ತೂಕ", "ರಸೀದಿ" ಎಂದು ಬರೆದು ಬಂದೆ. ಗುಡಿಸುವ ಹುಡುಗ ಎರಡನ್ನೂ ಒಮ್ಮೆ ಅದಲುಬದಲು ಚುಚ್ಚಿದ್ದನಂತೆ. ಫೋನಿನಲ್ಲೇ ಸರಿಮಾಡಿಸಿದೆ.