ಬಿಲ್ಲೆಯ ಹಿಂಬದಿಯ ರಕ್ಕಸ

ಜಪಾನಿನ ಹಳೆಯ ‘ತ್ಸುಬಾ’ ಮಾರಾಟಕ್ಕೆ ಬಂದಾಗಲೆಲ್ಲ ಅದೇ ತಕರಾರು. ರುಜು ಅಸಲಿಯೇ? ಅದರ ಜೊತೆ ಬಂದ ಹಿಡಿಯ ತುಂಡುಗಳ ಜೋಡಿ ಮೂಲದ್ದೇ, ಆಮೇಲೆ ಕೂಡಿಸಿದ್ದೇ? ಕೆತ್ತಿರುವ ಗಡ್ಡದವನು ಯಾರು? ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ, ಅಂಗೈಯಗಲದ ಈ ಲೋಹದ ಬಿಲ್ಲೆ ಇಷ್ಟು ಗೋಜಲಾಗಿದ್ದು ಒಮ್ಮೆಗೇ ಅಲ್ಲ.

15ನೇ ಶತಮಾನದಲ್ಲಿ ಶೋಗನ್ (ಸೇನಾಧಿಪ ದೊರೆ) ಅಶಿಕಾಗಾ ಯೋಶಿಮಾಸನ ಆಶ್ರಯದಲ್ಲಿದ್ದ ಲೋಹದ ಕೆತ್ತನೆಗಾರ ಗೋತೋ ಯೂಜೋನಿಂದ ಶುರುವಾದ ಮನೆತನ ತಲೆತಲಾಂತರ ಆಳುವವರ ಕತ್ತಿಗಳನ್ನು ಸಿಂಗರಿಸಿತು. ತಾಮ್ರಕ್ಕೆ ಚೂರು ಚಿನ್ನ ಬೆರೆಸಿದ ನೇರಳೆಗಪ್ಪು ‘ಶಾಕುದೋ’, ಅದರ ಮೇಲೆ ಮೀನಿನ ಮೊಟ್ಟೆಯಂತೆ ಒತ್ತಾದ ಚುಕ್ಕಿ, ನಡುವೆ ಚಿನ್ನದ ಡ್ರ್ಯಾಗನ್. ಕೆಲಸ ಅಚ್ಚುಕಟ್ಟು, ಆದರೆ ದರ್ಬಾರಿನ ಬಿಗಿ.

ಸ್ವಾರಸ್ಯವೆಲ್ಲ ಎದೋ ಕಾಲದ್ದು (1603–1868). ಯುದ್ಧವಿರಲಿಲ್ಲ, ಸೊಂಟದ ಕತ್ತಿ ಅಂತಸ್ತಿನ ಗುರುತಾಗಿತ್ತು, ಗಿಡ್ಡಗತ್ತಿ ಸಿಕ್ಕಿಸಿಕೊಳ್ಳುವ ವರ್ತಕರ ಕೈಯಲ್ಲಿ ಹಣವಿತ್ತು. ಯೋಕೋಯಾ ಸೋಮಿನ್ (1670–1733) ಶೋಗನನ ಊಳಿಗ ಬಿಟ್ಟು ಪೇಟೆಯ ಗಿರಾಕಿಗಳಿಗೆ ಕೆತ್ತತೊಡಗಿದ. ಉಳಿಯನ್ನು ಓರೆಯಾಗಿ ಹಿಡಿದು ಕುಂಚದ ಗೆರೆಯನ್ನೇ ಲೋಹದಲ್ಲಿ ಮೂಡಿಸಿದ. ಅವನಂಥವರ ಕೈಯಲ್ಲಿ ಜನರ ಕತೆಗಳು ಬಿಲ್ಲೆಗಿಳಿದವು: ರಾಶೋಮೋನ್ ದ್ವಾರದಲ್ಲಿ ರಕ್ಕಸನ ತೋಳು ಕಡಿದ ವತಾನಾಬೆ ನೋ ತ್ಸುನಾ, ದೊಡ್ಡ ಮೀನಿನ ಮೇಲೇರಿದ ಸಿದ್ಧ ಕಿಂಕೋ, ಸೋರೆ ಬುರುಡೆಯಿಂದ ಕುದುರೆ ಹೊರಡಿಸುವ ಇನ್ನೊಬ್ಬ ಸಿದ್ಧ, ದಕ್ಷಿಣ ಭಾರತದಿಂದ ಹೋದನೆಂದು ನಂಬುವ ಬೋಧಿಧರ್ಮ.

ಎಲ್ಲಕ್ಕಿಂತ ತಮಾಷೆ ರಕ್ಕಸರನ್ನು ಬೇಟೆಯಾಡುವ ‘ಶೋಕಿ’ ಎಂಬ ಪುರಾಣಪುರುಷನದು. ಕೆಲವು ಬಿಲ್ಲೆಗಳಲ್ಲಿ ಗಡ್ಡ ಕೆದರಿ, ಕತ್ತಿ ಹಿರಿದು ಅವನು ಹುಡುಕುತ್ತಿರುತ್ತಾನೆ; ತಿರುಗಿಸಿದರೆ ಹಿಂಬದಿಯಲ್ಲಿ ಪುಟ್ಟ ರಕ್ಕಸ ಮುದುಡಿಕೊಂಡಿದ್ದಾನೆ. ನೋಡುವವರಿಗೆ ಕಾಣುವುದು ಹಿಡಿಯತ್ತಲಿನ ಮುಖ, ರಕ್ಕಸ ಒರೆಯತ್ತ. ಈ ಚೇಷ್ಟೆ ತಿಳಿಯಲು ಬಿಲ್ಲೆ ಕೈಯಲ್ಲಿರಲೇಬೇಕು.

1876ರಲ್ಲಿ, ಶೋಗನರ ಆಳ್ವಿಕೆ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ಬಹುತೇಕ ಎಲ್ಲರೂ ಕತ್ತಿ ಧರಿಸುವುದನ್ನು ನಿಷೇಧಿಸಿತು. ಹೊಸ ನಾಣ್ಯಗಳಿಗೆ ಕೆತ್ತಿದ್ದ ಕಾನೋ ನಾತ್ಸುವೋನಂಥ ಕುಶಲಕರ್ಮಿಗಳು ಬೇರೆ ದಾರಿ ಕಂಡುಕೊಂಡರು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ಬಿಲ್ಲೆ, ಹಿಡಿಯ ತುಂಡುಗಳಂಥ ಒಡವೆಗಳು ಕತ್ತಿಯಿಂದ ಕಳಚಿ, ಬಿಡಿಬಿಡಿಯಾಗಿ ಹಡಗೇರಿದವು. ಅಮೆರಿಕದ ಬಿಗೆಲೋ ಸಂಗ್ರಹಿಸಿದ ರಾಶಿ ಬಾಸ್ಟನ್ ಮ್ಯೂಸಿಯಂ ಸೇರಿತು. ಒಂದೇ ಕತೆಯನ್ನು ಹಂಚಿಕೊಂಡಿದ್ದ ಹಿಡಿಯ ತುದಿ ಮತ್ತು ಬುಡದ ತುಂಡುಗಳು ಎರಡು ಮನೆ ಪಾಲಾಗುವುದು ಸಾಮಾನ್ಯವಾಯಿತು. ಮಾರಾಟದ ಪಟ್ಟಿಗಳಲ್ಲಿ ಬಿಲ್ಲೆಯ ಒಂದೇ ಮುಖದ ಫೋಟೋ ಬಂದರೆ ಶೋಕಿ ಉಳಿದ, ರಕ್ಕಸ ಹೋದ.

ಸೋಮಿನ್ ಹೆಸರಿನ ಸುಳ್ಳು ರುಜುಗಳಿಗಂತೂ ಲೆಕ್ಕವಿಲ್ಲ. ಗೋತೋ ಮನೆತನ ಹಿಂದೆಯೇ ಪ್ರಮಾಣಪತ್ರ ಬರೆದುಕೊಡುತ್ತಿತ್ತು. 1948ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಕತ್ತಿ ಸಂರಕ್ಷಣಾ ಸಂಘ ಈಗ ಆ ಕೆಲಸ ಮಾಡುತ್ತಿದೆ. ಕೊಳ್ಳುವವರು ಮೊದಲು ಕೇಳುವುದೇ ಕಾಗದ. ರುಜುವಿಲ್ಲದ ಒಳ್ಳೆಯ ಕೆತ್ತನೆ, ಕತೆ ಎಷ್ಟೇ ಚೆನ್ನಾಗಿರಲಿ, ಅಗ್ಗಕ್ಕೆ ಹೋಗುವುದುಂಟು.