ಒಂದೇ ಜಲ್ಲೆಯಲ್ಲಿ ಒಂದು ಗಣಿಕೆ ಉದ್ದ, ಇನ್ನೊಂದು ಮೋಟು: ಯಾಕೆ?

ಪ್ರಶ್ನೆ: ನಮ್ಮ ಕಬ್ಬಿನಲ್ಲಿ ಕೆಳಗಿನ ಗಣಿಕೆಗಳು ಉದ್ದ ಇವೆ. ನಡುವೆ ನಾಲ್ಕೈದು ಮೋಟು, ಅದರ ಮೇಲೆ ಮತ್ತೆ ಉದ್ದ. ತಳಿ ಕೆಟ್ಟಿದೆಯಾ? ಬೀಜ ಬದಲಾಯಿಸಬೇಕಾ?

ಉತ್ತರ: ಬೀಜ ಬದಲಾಯಿಸೋಕೆ ಅವಸರ ಬೇಡ. ಎರಡು ಗಿಣ್ಣುಗಳ ನಡುವಿನ ತುಂಡನ್ನೇ ನೀವು ಗಣಿಕೆ ಅಂತಿದ್ದೀರಿ, ನಾನೂ ಹಾಗೇ ಕರೆಯುತ್ತೇನೆ. ನಿಮ್ಮ ಜಲ್ಲೆ ಹುಟ್ಟಿದ್ದು ಒಂದೇ ಕಣ್ಣಿನಿಂದ, ಅಂದರೆ ಗಿಣ್ಣಿನಲ್ಲಿರುವ ಒಂದೇ ಮೊಗ್ಗಿನಿಂದ. ಅಂದಮೇಲೆ ಮೋಟು ಗಣಿಕೆಯಲ್ಲೂ ಉದ್ದ ಗಣಿಕೆಯಲ್ಲೂ ಇರುವುದು ಅವೇ ಜೀನ್‌ಗಳು, ಅಲ್ವಾ? ಬೇರೆಯಾಗಿರುವುದು ಆ ಜೀನ್‌ಗಳು ಕೆಲಸ ಮಾಡಿದ ದಿನಗಳು.

ಒಂದು ಜಲ್ಲೆ ಕಡಿದು ತುದಿಯ ಸೋಗೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ಒಳಗೆ ಬೆರಳಗಲದ ಎಳೆ ಗಣಿಕೆಗಳು ಸಿಗುತ್ತವೆ. ಒಂದನ್ನು ಮೆಲ್ಲಗೆ ಬಗ್ಗಿಸಿದರೆ ಗಿಣ್ಣಿನ ಸ್ವಲ್ಪ ಮೇಲೆಯೇ ಪಟ್ಟಂತ ಮುರಿಯುತ್ತದೆ. ಅಲ್ಲಿ ತೆಳು ಬಣ್ಣದ, ಮೆತ್ತಗಿನ ಒಂದು ಉಂಗುರ ಇದೆ. ಹೊಸ ಜೀವಕೋಶಗಳು ಹುಟ್ಟುವುದು ಅಲ್ಲೇ. ಆಮೇಲೆ ಅವು ಹಿಗ್ಗಿ ಗಣಿಕೆಯನ್ನು ಮೇಲಕ್ಕೆ ತಳ್ಳುತ್ತವೆ. ಸೋಗೆ ಒಣಗಿ ಕಳಚುವ ಹೊತ್ತಿಗೆ ಆ ಗಣಿಕೆಯ ಬೆಳವಣಿಗೆ ಮುಗಿದಿರುತ್ತದೆ. ಆಮೇಲೆ ಎಷ್ಟು ನೀರು, ಗೊಬ್ಬರ ಕೊಟ್ಟರೂ ಅದು ಉದ್ದ ಆಗಲ್ಲ.

ಹಿಗ್ಗು ಅಂತ ಹೇಳುವ ಮುಖ್ಯ ಹಾರ್ಮೋನ್ ಜಿಬ್ಬರೆಲಿನ್. ಇದರ ಸುಳಿವು ಮೊದಲು ಸಿಕ್ಕಿದ್ದು ಭತ್ತದಲ್ಲಿ. ಒಂದು ಶಿಲೀಂಧ್ರ ತಗುಲಿದ ಸಸಿಗಳು ವಿಪರೀತ ಉದ್ದ ಬೆಳೆದು ಬೀಳುತ್ತಿದ್ದವು. ಆ ಶಿಲೀಂಧ್ರ ಬಿಡುವ ವಸ್ತುವೇ ಅದಕ್ಕೆ ಕಾರಣ ಅಂತ 1926ರಲ್ಲಿ ಜಪಾನಿನ ವಿಜ್ಞಾನಿ ಕುರೊಸಾವಾ ತೋರಿಸಿದರು. ಅಂಥದ್ದೇ ಹಾರ್ಮೋನನ್ನು ಗಿಡಗಳು ತಾವೂ ತಯಾರಿಸಿಕೊಳ್ಳುತ್ತವೆ ಅಂತ ಗೊತ್ತಾಗಿದ್ದು ಆಮೇಲೆ.

ಕಬ್ಬಿನಲ್ಲಿ ಈ ಹಾರ್ಮೋನಿಗೆ ಎದುರಾಗಿ ಒಂದು ಬ್ರೇಕ್ ಇದೆ: ಡೆಲ್ಲಾ ಅನ್ನುವ ಗುಂಪಿನ ಪ್ರೋಟೀನ್. ಜಿಬ್ಬರೆಲಿನ್ ಬಂದರೆ ಈ ಪ್ರೋಟೀನ್ ಒಡೆದುಹೋಗುತ್ತದೆ, ಗಣಿಕೆ ಹಿಗ್ಗುತ್ತದೆ. ಹಾರ್ಮೋನ್ ಕಡಿಮೆಯಾದರೆ ಬ್ರೇಕ್ ಉಳಿಯುತ್ತದೆ, ಗಣಿಕೆ ಮೋಟಾಗುತ್ತದೆ. ಬ್ರೆಜಿಲ್‌ನ ಸಂಶೋಧಕರು ಕಬ್ಬಿನಲ್ಲಿ ಈ ಪ್ರೋಟೀನ್ ತಯಾರಿಸುವ ಒಂದು ಜೀನನ್ನೇ ಹಿಡಿದು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಅದರ ಕೆಲಸ ಜಾಸ್ತಿ ಮಾಡಿದಾಗ ಗಿಡ ಕುಳ್ಳಾಯಿತು. ತಗ್ಗಿಸಿದಾಗ ಗಣಿಕೆಗಳು ಬೇಗ ಬೇಗ ಬೆಳೆದು ಗಿಡ ಎತ್ತರ ಆಯಿತು. ನನಗೆ ಇದು ತುಂಬಾ ಹಿಡಿಸಿದ ಕೆಲಸ. ಯಾಕಂದ್ರೆ ಹಸಿರು ಕ್ರಾಂತಿಯ ಭತ್ತ, ಗೋಧಿಯಲ್ಲಿ ಇದೇ ದಾರಿಯನ್ನು ಅಡ್ಡಗಟ್ಟಿ ಗಿಡವನ್ನು ಗಿಡ್ಡ ಮಾಡಿದ್ದರು. ಅಲ್ಲಿ ಬೇಕಿದ್ದದ್ದು ಕಾಳು. ಕಬ್ಬಿನಲ್ಲಿ ಕಾಂಡವೇ ಫಸಲು.

ಹಾಗಾದರೆ ಆ ಜೀನ್ ಒಂದನ್ನು ಬದಲಿಸಿದ ತಳಿ ಸುಮ್ನೆ ಬಿಡುಗಡೆ ಮಾಡಬಾರದಾ? ಅಷ್ಟು ಸುಲಭ ಅಲ್ಲ. ಇಂದಿನ ಕಬ್ಬು ದಪ್ಪ ಸಿಹಿಕಬ್ಬು ಮತ್ತು ಸಪೂರ ಕಾಡುಕಬ್ಬಿನ ಸಂಕರ. 1912ರಲ್ಲಿ ಶುರುವಾದ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ಇಂಥ ಸಂಕರಕ್ಕೇ ಹೆಸರಾದದ್ದು. ತಳಿಯ ಹೆಸರಿನಲ್ಲಿರುವ 'ಕೋ' ಅಂದರೆ ಕೊಯಮತ್ತೂರು. ಈ ಬೆರಕೆಯಿಂದ ಕಬ್ಬಿನ ಜೀವಕೋಶದಲ್ಲಿ 100ಕ್ಕಿಂತ ಹೆಚ್ಚು ಕ್ರೋಮೋಸೋಮ್‌ಗಳಿವೆ. ಒಂದೊಂದು ಜೀನಿಗೂ ಹತ್ತರ ಸುಮಾರು ಪ್ರತಿಗಳು! ಒಂದನ್ನು ಮುಟ್ಟಿದರೆ ಉಳಿದವು ಕೆಲಸ ಮಾಡುತ್ತಲೇ ಇರುತ್ತವೆ. ಜೊತೆಗೆ, ಬರೀ ಎತ್ತರ ಆದರೆ ಗಾಳಿಗೆ ಕಬ್ಬು ಮಲಗುತ್ತದೆ.

ಇನ್ನು ನಿಮ್ಮ ಹೊಲದ ವಿಷಯ. ನೀರು ಕಡಿಮೆಯಾದಾಗ, ಚಳಿ ಹಿಡಿದಾಗ ಬೆಳವಣಿಗೆಗೆ ಬ್ರೇಕ್ ಬೀಳುತ್ತದೆ. ಜೀವಕೋಶ ಹಿಗ್ಗೋಕೆ ಒಳಗೆ ನೀರಿನ ಒತ್ತಡವೂ ಬೇಕಲ್ಲ. ಆ ದಿನಗಳಲ್ಲಿ ಸುಳಿಯ ಕೆಳಗೆ ಬೆಳೆಯುತ್ತಿದ್ದ ಗಣಿಕೆಗಳು ಮಾತ್ರ ಮೋಟಾಗುತ್ತವೆ. ಮಳೆ ಬಂದ ಮೇಲೆ ಹುಟ್ಟಿದವು ಮತ್ತೆ ಉದ್ದ.

ಹಾಗಾಗಿ ಬೇರೆ ಬೇರೆ ಸಾಲಿನ ಏಳೆಂಟು ಜಲ್ಲೆ ಕಡಿದು ಪಕ್ಕಪಕ್ಕ ಮಲಗಿಸಿ. ಮೋಟು ಪಟ್ಟಿ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿದ್ದರೆ ಕಾರಣ ನೀರು ಅಥವಾ ಹವಾಮಾನ. ಬೆಚ್ಚಗಿನ ದಿನಗಳಲ್ಲಿ ತಿಂಗಳಿಗೆ ಎರಡು-ಮೂರು ಗಣಿಕೆ ಮೂಡುತ್ತವೆ. ತುದಿಯಿಂದ ಕೆಳಗೆ ಎಣಿಸುತ್ತಾ ಬಂದರೆ ಯಾವ ತಿಂಗಳು ನೀರು ತಪ್ಪಿತು ಅಂತ ಅಂದಾಜು ಸಿಗುತ್ತದೆ. ಆದರೆ ಬುಡದಿಂದ ತುದಿಯವರೆಗೆ ಗಣಿಕೆಗಳೆಲ್ಲ ಮೋಟಾಗಿ, ಕೂಳೆಯಿಂದ ಕೂಳೆಗೆ (ಕಟಾವಿನ ನಂತರ ಬುಡದಿಂದ ಮತ್ತೆ ಚಿಗುರುವ ಬೆಳೆಯೇ ಕೂಳೆ) ಕಬ್ಬು ಸಪೂರ ಆಗುತ್ತಿದ್ದರೆ ಬೀಜದ ಜೊತೆ ಬಂದ ರೋಗ ಇರಬಹುದು. ಆಗ ಒಂದೆರಡು ಜಲ್ಲೆಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಆ ಹೊಲದ ಕಬ್ಬನ್ನು ಬೀಜಕ್ಕೆ ಇಟ್ಟುಕೊಳ್ಳಲೇಬೇಡಿ.